‘ಇಲ್ಲ’ ಎನ್ನುವ ಮೊದಲು

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪ ಚಹಾದ ಬಟ್ಟಲನ್ನು ಕೈಗಿಡುತ್ತಲೇ ಸುದ್ದಿ ಹೇಳಿದರು: “ವೋಟರ್ ಲಿಸ್ಟಿನ್ಯಾಗ ನಿನ್ನ ಹೆಸರು ತಗದಾರಪಾ. ಚಂದ್ರೂಂದೂ ತಗದಾರ. ಬಂದು ನೋಡಿದ್ರಂತ, ಎರಡೂ ಮನಿ ಕೀಲಿ ಹಾಕಿದ್ವಂತ.”

ಚಂದ್ರು ಕಾಕಾನ ಮಗ. ಸುಗ್ಗಿ ಮುಗಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಮಳೆ ಬಿದ್ದೊಡನೆ ಬಿತ್ತನೆಗೆ ಮರಳುತ್ತಾನೆ. ನಾನು ಹನ್ನೊಂದು ವರ್ಷಗಳಿಂದ ಪುಣೆಯಲ್ಲಿದ್ದೇನೆ.

“ನಿಮ್ಮನ್ನ ಕೇಳಲಿಲ್ಲೇನ್ರಿ, ದೊಡ್ಡಪ್ಪಾರ?” ಎಂದೆ.

“ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲೇ ಇಲ್ಲ. ನೋಟಿಸೂ ಅದ ಕೀಲಿ ಹಾಕಿದ ಬಾಗಿಲಿಗೆ ಅಂಟಿಸಿ ಹೋಗ್ಯಾರ.”

ನನಗೆ ಸಿಟ್ಟು ಬಂತು. ಹುಟ್ಟಿದ ಊರಿನಲ್ಲಿ ನನ್ನ ಹೆಸರೇ ಇಲ್ಲವೆ? ಬಾಗಿಲು ಬಡಿದಾಗ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಮನುಷ್ಯನೇ ಇಲ್ಲ ಎಂದು ಬರೆದುಕೊಳ್ಳುವುದು ಎಂಥ ನ್ಯಾಯ? ಈ ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ನಾಲಿಗೆ ತಡೆಯಿತು. ಇದೇ ಕೆಲಸವನ್ನು ಅದಕ್ಕಿಂತ ಎಂಟು ತಿಂಗಳ ಹಿಂದೆ ನಾನೇ ಮಾಡಿದ್ದೆ, ಸಿ ಭಾಷೆಯಲ್ಲಿ.

ನನ್ನ ಕೆಲಸ ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ನಾವು ನೆನಪಿಡಲು ಒಂದು ಹೆಸರು, ಯಂತ್ರಗಳು ಪರಸ್ಪರ ತಲುಪಲು ಅಂಕಿಗಳ ಒಂದು ವಿಳಾಸ ಇರುತ್ತದೆ. ಮೊದಲಿಗೆ ಅಮೆರಿಕದ ಆರ್ಪಾನೆಟ್ ಜಾಲದ ಯಂತ್ರಗಳ ಹೆಸರೆಲ್ಲ ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಿಂದ ತಿದ್ದಿ ಕಾಪಾಡುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಆ ಪದ್ಧತಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಅಲ್ಲಿಂದ ಮುಂದೆ ಪಟ್ಟಿ ಒಬ್ಬರ ಕೈಯಲ್ಲಿ ಉಳಿಯಲಿಲ್ಲ. ಯಾರ ಊರಿನ ಹೆಸರುಗಳಿಗೆ ಯಾರು ಹೊಣೆಯೋ ಅವರನ್ನೇ ಹುಡುಕಿಕೊಂಡು ಹೋಗಿ ಕೇಳಬೇಕು.

ಸಿ ಪ್ರೋಗ್ರಾಮಿನಿಂದ ಈ ಪ್ರಶ್ನೆ ಕೇಳಲು ಗೆಟ್‌ಹೋಸ್ಟ್‌ಬೈನೇಮ್ ಎಂಬ ಫಂಕ್ಷನ್ ಬಹಳ ಕಾಲ ಬಳಕೆಯಲ್ಲಿತ್ತು. ಹೆಸರು ಕೊಟ್ಟರೆ ವಿಳಾಸ ಕೊಡುತ್ತದೆ. ಸಿಗದಿದ್ದರೆ ನಲ್ ಎನ್ನುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಏಕೆ ಸಿಗಲಿಲ್ಲ ಎಂಬುದು ಎಚ್_ಎರ್‌ನೋ ಎಂಬ ಇನ್ನೊಂದು ಜಾಗದಲ್ಲಿರುತ್ತದೆ. ಅಲ್ಲಿ ನಾಲ್ಕು ಉತ್ತರಗಳುಂಟು. ಒಂದು, ಅಂಥ ಹೆಸರೇ ಇಲ್ಲ. ಎರಡು, ಸದ್ಯಕ್ಕೆ ತಿಳಿಯುತ್ತಿಲ್ಲ, ಮತ್ತೆ ಕೇಳು. ಮೂರು, ಸರಿಪಡಿಸಲಾಗದ ದೋಷ. ನಾಲ್ಕು, ಹೆಸರೇನೋ ಉಂಟು, ಅದಕ್ಕೆ ವಿಳಾಸವಿಲ್ಲ. ಈಗ ನಾವು ಬಳಸುವುದು ಗೆಟ್‌ಆಡರ್‌ಇನ್ಫೋ. ಅದು ಗೆದ್ದರೆ ಸೊನ್ನೆ, ಸೋತರೆ ಕಾರಣದ ಸಂಕೇತವನ್ನೇ ಹಿಂದಿರುಗಿಸುತ್ತದೆ. ‘ಹೆಸರಿಲ್ಲ’ ಎಂಬುದಕ್ಕೆ ಇಎಐ_ನೋನೇಮ್, ‘ಮತ್ತೆ ಕೇಳು’ ಎಂಬುದಕ್ಕೆ ಇಎಐ_ಎಗೇನ್.

ನಮ್ಮ ಕಂಪನಿಯ ಒಂದು ಚಿಕ್ಕ ಸೇವೆ ಇದೆ. ಸಣ್ಣ ಕ್ಲಿನಿಕ್‌ಗಳ ಲಸಿಕೆ ಫ್ರಿಜ್‌ಗಳಲ್ಲಿ ಒಂದು ಪುಟ್ಟ ಸಾಧನ ಇಡುತ್ತೇವೆ. ಇಂಥ ಲಸಿಕೆಗಳು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ತಾಪಮಾನ ದಾಟಿದರೆ, ಇಲ್ಲವೆ ಸಾಧನದ ಸದ್ದೇ ನಿಂತರೆ, ಡಾಕ್ಟರ ಫೋನಿಗೆ ಎಚ್ಚರಿಕೆ ಹೋಗಬೇಕು. ಕೆಲವು ಕ್ಲಿನಿಕ್‌ಗಳು ಸೇವೆ ಬಿಟ್ಟಿದ್ದವು, ಅವರ ಸಾಧನಗಳ ಹೆಸರು ಮಾತ್ರ ನಮ್ಮ ಪಟ್ಟಿಯಲ್ಲಿ ಉಳಿದು ಸುಳ್ಳು ಎಚ್ಚರಿಕೆಗಳು ಹೋಗುತ್ತಿದ್ದವು. ಪಟ್ಟಿ ಶುದ್ಧ ಮಾಡುವ ಪ್ರೋಗ್ರಾಮ್ ಬರೆ ಎಂದರು. ಬರೆದೆ. ದಿನಾ ರಾತ್ರಿ ಅದು ಪ್ರತಿ ಹೆಸರನ್ನೂ ಕೇಳುತ್ತಿತ್ತು. ಉತ್ತರ ಸೊನ್ನೆಯಲ್ಲದಿದ್ದರೆ ಹೆಸರು ತೆಗೆ. ಅಷ್ಟೇ, ಒಂದು ಸಾಲು.

ಒಂದು ಶನಿವಾರ ರಾತ್ರಿ ಒಳಜಾಲದ ನೇಮ್ ಸರ್ವರನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಅದನ್ನು ಇಪ್ಪತ್ತು ನಿಮಿಷ ನಿಲ್ಲಿಸಿ ಏನೋ ರಿಪೇರಿ ಮಾಡಿದ. ನನ್ನ ಪ್ರೋಗ್ರಾಮ್ ಎದ್ದದ್ದು ಆ ಇಪ್ಪತ್ತು ನಿಮಿಷದಲ್ಲೇ. ಅರವತ್ತೊಂದು ಹೆಸರುಗಳಿಗೆ ‘ಮತ್ತೆ ಕೇಳು’ ಎಂಬ ಉತ್ತರ ಬಂತು. ನನ್ನ ಸಾಲಿಗೆ ಅದೂ ಸೊನ್ನೆಯಲ್ಲದ ಒಂದು ಅಂಕಿ ಮಾತ್ರ. ಅರವತ್ತೊಂದೂ ಪಟ್ಟಿಯಿಂದ ಹೋದವು. ಭಾನುವಾರ ಒಂದು ಕ್ಲಿನಿಕ್‌ನಲ್ಲಿ ಕರೆಂಟ್ ಹೋಗಿ ರಾತ್ರಿಯಾದರೂ ಬರಲಿಲ್ಲ. ಎಚ್ಚರಿಕೆಯೂ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಡಾಕ್ಟರು ಫ್ರಿಜ್‌ನ ಒಳಗಿದ್ದ ಹಳೆಯ ಥರ್ಮಾಮೀಟರ್ ನೋಡಿ, ಲಸಿಕೆಗಳನ್ನೆಲ್ಲ ಪಕ್ಕಕ್ಕಿಟ್ಟು, ಆ ದಿನ ಬಂದ ಮಕ್ಕಳನ್ನು ವಾಪಸ್ ಕಳಿಸಿದರು. ಯಾವ ಮಗುವಿಗೂ ಕೆಟ್ಟ ಲಸಿಕೆ ಬೀಳಲಿಲ್ಲ. ಅದು ಅವರ ಎಚ್ಚರ, ನನ್ನದಲ್ಲ.

ವರದಿಯಲ್ಲಿ ‘ಕಾರಣ: ನೇಮ್ ಸರ್ವರ್ ಸ್ಥಗಿತ’ ಎಂದು ಬರೆಯಲಾಯಿತು. ಸುಳ್ಳಲ್ಲ. ಮೂರನೆಯ ದಿನ ನನ್ನ ಸಾಲನ್ನು ತೆರೆದು ನೋಡಿದೆ, ಎದೆ ಧಸಕ್ಕೆಂದಿತು. ಸಾಲನ್ನು ತಿದ್ದಿದೆ. ವರದಿಯನ್ನು ತಿದ್ದಿಸಲಿಲ್ಲ. ತಿಂಗಳ ಕೊನೆಗೆ ಆ ಹುಡುಗನ ಗುತ್ತಿಗೆ ಮುಂದುವರಿಯಲಿಲ್ಲ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇಷ್ಟು: ‘ನನಗೆ ಕಾಣಲಿಲ್ಲ’ ಎಂಬುದರಿಂದ ‘ಇಲ್ಲ’ ಎಂಬುದಕ್ಕೆ ನಾವು ಯಾವಾಗ ದಾಟಬಹುದು? ನಮ್ಮ ಮೀಮಾಂಸಕರು ಇದನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಕುಮಾರಿಲ ಭಟ್ಟನ ಪರಂಪರೆಯವರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನು, ಒಂದು ಬೇರೆಯೇ ಪ್ರಮಾಣವೆಂದು ಒಪ್ಪಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದು ತಿಳಿಯುತ್ತೇವೆ. ಆದರೆ ಅದಕ್ಕೊಂದು ಕರಾರು ಹಾಕಿದರು. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಅದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಗಡಿಗೆಯ ಬಗ್ಗೆ ಏನೂ ತಿಳಿಯುವುದಿಲ್ಲ, ದೀಪವಿಲ್ಲವೆಂದಷ್ಟೇ ತಿಳಿಯುತ್ತದೆ. ಆ ಶನಿವಾರ ರಾತ್ರಿ ಆರಿದ್ದು ದೀಪ. ನಾನು ಅರವತ್ತೊಂದು ಗಡಿಗೆಗಳಿಲ್ಲ ಎಂದು ಬರೆದುಕೊಂಡೆ.

ಹಾಗಾದರೆ ಯಾವ ಹೆಸರನ್ನೂ ತೆಗೆಯಲೇಬಾರದೆ? ನನ್ನ ಮ್ಯಾನೇಜರ್ ಕೇಳಿದ್ದೂ ಇದನ್ನೇ, ಅವರ ಪ್ರಶ್ನೆ ಹಗುರವಾದದ್ದಲ್ಲ. ತೆಗೆಯದ ಪಟ್ಟಿಯೂ ಸುಳ್ಳಾಗುತ್ತದೆ. ಸತ್ತವರ ಹೆಸರಿನಲ್ಲಿ ಯಾರೋ ಮತ ಹಾಕಬಹುದು. ಇಲ್ಲದ ಫ್ರಿಜ್‌ಗಳಿಂದ ದಿನಕ್ಕೆ ಹತ್ತು ಸುಳ್ಳು ಎಚ್ಚರಿಕೆ ಬಂದರೆ ಹನ್ನೊಂದನೆಯ ನಿಜವಾದ ಎಚ್ಚರಿಕೆಯನ್ನು ಡಾಕ್ಟರು ನೋಡುವುದೇ ಇಲ್ಲ. ಮತ್ತೆ ಮತ್ತೆ ಕೇಳುತ್ತಲೇ ಕುಳಿತರೆ ಕೆಲಸ ಸಾಗುವುದಿಲ್ಲ. ಒಂದು ಹಂತದಲ್ಲಿ ‘ಇಲ್ಲ’ ಎನ್ನಲೇಬೇಕು.

ಡಿಎನ್‌ಎಸ್ ಮಾಡಿದವರಿಗೂ ಈ ಇಕ್ಕಟ್ಟು ಇತ್ತು. 1998ರ ಆರ್‌ಎಫ್‌ಸಿ 2308 ಎಂಬ ದಾಖಲೆ ‘ಇಲ್ಲ’ ಎಂಬ ಉತ್ತರವನ್ನು ಎಷ್ಟು ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬಹುದು ಎಂದು ಹೇಳುತ್ತದೆ. ಆ ಹೆಸರಿಗೆ ಹೊಣೆಯಾದ ಸರ್ವರೇ ‘ಇಲ್ಲ’ ಎಂದರೆ, ಎಷ್ಟು ಹೊತ್ತು ಅದನ್ನು ನಂಬಬೇಕೆಂಬುದನ್ನೂ ಆ ಸರ್ವರೇ ತಿಳಿಸುತ್ತದೆ. ಒಂದರಿಂದ ಮೂರು ಗಂಟೆ ಸರಿಹೋಗುತ್ತದೆ, ಒಂದು ದಿನ ಮೀರಿದರೆ ತೊಂದರೆ ಎನ್ನುತ್ತದೆ ದಾಖಲೆ. ಸರ್ವರ್ ಕೆಟ್ಟಿದ್ದರಿಂದ ಉತ್ತರ ಸಿಗದಿದ್ದರೆ ಆ ವೈಫಲ್ಯವನ್ನು 5 ನಿಮಿಷಕ್ಕಿಂತ ಹೆಚ್ಚು ನೆನಪಿಡುವಂತಿಲ್ಲ. ನನ್ನ ಪಟ್ಟಿಯಾದರೋ ಆ ‘ತಿಳಿಯದು’ ಎಂಬುದನ್ನು ಶಾಶ್ವತವಾಗಿ ನೆನಪಿಟ್ಟುಕೊಂಡಿತು.

ಲಿನಕ್ಸ್ ಯಂತ್ರಗಳಲ್ಲಿ ಇನ್ನೊಂದು ಸೌಜನ್ಯವಿದೆ. ರಿಸಾಲ್ವ್.ಕಾನ್ಫ್ ಕಡತದಲ್ಲಿ ಮೂರು ನೇಮ್ ಸರ್ವರ್‌ಗಳವರೆಗೆ ಬರೆಯಬಹುದು. ಬೇರೆ ಏನೂ ಬರೆಯದಿದ್ದರೆ, ಮೊದಲನೆಯದು 5 ಸೆಕೆಂಡಿನಲ್ಲಿ ಉತ್ತರಿಸದಿದ್ದಾಗ ಎರಡನೆಯದನ್ನು ಕೇಳುತ್ತದೆ. ಇಡೀ ಸಾಲನ್ನು 2 ಸಲ ಸುತ್ತುತ್ತದೆ. ನಮ್ಮ ಯಂತ್ರದಲ್ಲಿ ಒಂದೇ ಸರ್ವರ್ ಬರೆದಿತ್ತು. ಊರಿನಲ್ಲಿ ಕೀಲಿ ಹಾಕಿದ ಮನೆಯಿಂದ ದೊಡ್ಡಪ್ಪನ ಕಟ್ಟೆಗೆ ಐವತ್ತು ಹೆಜ್ಜೆ.

ಕಾನೂನಿಗೂ ಈ ವಿವೇಕ ಗೊತ್ತಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯನ್ನು ತೆಗೆದು ಓದಿದೆ. ತಾತ್ಕಾಲಿಕವಾಗಿ ಮನೆಯಿಂದ ದೂರವಿದ್ದ ಮಾತ್ರಕ್ಕೆ ಒಬ್ಬನು ಆ ಊರಿನ ಸಾಮಾನ್ಯ ನಿವಾಸಿ ಅಲ್ಲವೆಂದಾಗುವುದಿಲ್ಲ ಎನ್ನುತ್ತದೆ 20ನೆಯ ಕಲಂ. ಊರು ಬಿಟ್ಟಿದ್ದಾನೆಂದು ಹೆಸರು ತೆಗೆಯುವ ಮೊದಲು ಅವನ ಮಾತು ಕೇಳಲು ಅವಕಾಶ ಕೊಡಬೇಕು ಎನ್ನುತ್ತದೆ 22ನೆಯ ಕಲಂ. ಚಂದ್ರುವಿಗೆ ಆದದ್ದು ಅನ್ಯಾಯವೆಂದು ಓದುತ್ತಲೇ ತಿಳಿಯಿತು. ಅವನು ‘ಮತ್ತೆ ಕೇಳು’ ಎಂಬ ವರ್ಗದವನು. ಮಳೆ ಬರಲಿ, ಇರುತ್ತಾನೆ.

ಆದರೆ ಅದೇ 20ನೆಯ ಕಲಂ ಮೊದಲಿಗೇ ಹೇಳುವ ಮಾತು ನನಗಾಗಿಯೇ ಬರೆದಂತಿತ್ತು. ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಊರಿನಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. ನನ್ನ ಹೆಸರನ್ನು ತೆಗೆದ ರೀತಿ ತಪ್ಪಿರಬಹುದು, ತೆಗೆದದ್ದು ತಪ್ಪಲ್ಲ. ಒಂದೇ ಬಗೆಯ ಎರಡು ಕೀಲಿಗಳ ಹಿಂದೆ ಎರಡು ಬೇರೆ ಸತ್ಯಗಳಿದ್ದವು. ನಾನು ನನಗಾಗಿ ಸಿಟ್ಟು ಮಾಡಿಕೊಂಡಿದ್ದೆ, ಸಿಟ್ಟು ಬರಬೇಕಾದದ್ದು ಚಂದ್ರುವಿನ ಪರವಾಗಿ.

ಹಾಗೆಂದು ನಾನು ‘ಅಂಥ ಹೆಸರೇ ಇಲ್ಲ’ ಎಂಬ ವರ್ಗದವನೂ ಅಲ್ಲ. ಊರಿನಲ್ಲಿ ನನ್ನ ಹೆಸರು ಹೇಳಿದರೆ ಇಂಥವರ ಮಗ ಎಂದು ಮಕ್ಕಳೂ ಗುರುತಿಸುತ್ತವೆ. ನಾನು ನಾಲ್ಕನೆಯ ಉತ್ತರ: ಹೆಸರುಂಟು, ವಿಳಾಸವಿಲ್ಲ. ಕುತೂಹಲದ ಸಂಗತಿಯೆಂದರೆ ಗೆಟ್‌ಆಡರ್‌ಇನ್ಫೋ ಬಗ್ಗೆ 2003ರಲ್ಲಿ ಬಂದ ಆರ್‌ಎಫ್‌ಸಿ 3493ರಲ್ಲಿ ಈ ನಾಲ್ಕನೆಯ ಉತ್ತರದ ಸಂಕೇತವನ್ನು ಕೈಬಿಟ್ಟರು. ಲಿನಕ್ಸ್‌ನ ಗ್ಲಿಬ್‌ಸಿ ಮಾತ್ರ ಅದನ್ನು ತನ್ನ ಮಟ್ಟಿಗೆ ಉಳಿಸಿಕೊಂಡಿದೆ. ಮುಂಬೈ, ದೆಹಲಿ, ಹೈದರಾಬಾದುಗಳಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಈ ನಾಲ್ಕನೆಯ ಸಾಲಿನವರೇ ಇರಬೇಕು.

ಇಷ್ಟೆಲ್ಲ ಯೋಚಿಸಿ ನಾನು ತಲುಪಿದ್ದು ಒಂದು ಸಾಧಾರಣ ನಿಯಮಕ್ಕೆ. ತಪ್ಪಾಗಿ ಉಳಿದ ಹೆಸರಿನ ನಷ್ಟವನ್ನು ಪಟ್ಟಿ ಇಟ್ಟವರು ಬೇಗ ಕಾಣುತ್ತಾರೆ. ಸುಳ್ಳು ಎಚ್ಚರಿಕೆ ಹೋದಾಗಲೆಲ್ಲ ನಮಗೆ ಫೋನ್ ಬರುತ್ತಿತ್ತು. ತಪ್ಪಾಗಿ ತೆಗೆದ ಹೆಸರಿನ ನಷ್ಟ ಬೀಳುವುದು ತೆಗೆಸಿಕೊಂಡವರ ಮೇಲೆ, ಅದೂ ಸದ್ದಿಲ್ಲದೆ. ಪಟ್ಟಿಯಲ್ಲಿಲ್ಲದವನು ದೂರು ಕೊಡಲು ಬರುವುದೇ ತಡವಾಗಿ. ಆದ್ದರಿಂದ ಅನುಮಾನದ ಲಾಭ ಯಾವಾಗಲೂ ಹೆಸರಿಗೆ ಸಿಗಬೇಕು. ‘ಇಲ್ಲ’ ಎಂದು ಬರೆಯುವ ಮೊದಲು ಮೂರು ವಿಷಯ ನೋಡಬೇಕು: ನಾನು ಕೇಳಿದಾಗ ದೀಪ ಉರಿಯುತ್ತಿತ್ತೆ, ಉತ್ತರ ಕೊಟ್ಟವರು ಹೊಣೆಯುಳ್ಳವರೆ, ಇನ್ನೊಬ್ಬರನ್ನು ಕೇಳಿದೆನೆ. ಈಗ ನನ್ನ ಪ್ರೋಗ್ರಾಮ್ ‘ಮತ್ತೆ ಕೇಳು’ ಎಂಬ ಉತ್ತರ ಬಂದರೆ ಪಟ್ಟಿಯನ್ನು ಮುಟ್ಟುವುದಿಲ್ಲ. ಏಳು ರಾತ್ರಿ ಸತತವಾಗಿ ‘ಹೆಸರೇ ಇಲ್ಲ’ ಎಂದು ಬಂದರೆ ತಾನೇ ತೆಗೆಯದೆ ಕ್ಲಿನಿಕ್‌ಗೆ ಫೋನ್ ಮಾಡಲು ಒಬ್ಬ ಮನುಷ್ಯನಿಗೆ ಹೇಳುತ್ತದೆ. ಪಟ್ಟಿ ಮೊದಲಿನಷ್ಟು ಶುದ್ಧವಾಗಿಲ್ಲ. ಆಗಾಗ ಬೈಸಿಕೊಳ್ಳುತ್ತೇನೆ.

ಊರಿನಿಂದ ಮರಳಿದ ಮೇಲೆ ಮ್ಯಾನೇಜರ್ ಎದುರು ಕುಳಿತು, ಸರ್ವರ್ ನಿಂತದ್ದು ನಿಜ, ಆದರೆ ಹೆಸರುಗಳನ್ನು ತೆಗೆದದ್ದು ನನ್ನ ಸಾಲು ಎಂದೆ. ಎಂಟು ತಿಂಗಳ ಹಿಂದಿನ ಮಾತು ಈಗೇಕೆ ಎಂದರು. ವರದಿಗೆ ಒಂದು ಪ್ಯಾರಾ ಸೇರಿಸಲು ಒಪ್ಪಿದರು. ನನಗೆ ಏನೂ ಆಗಲಿಲ್ಲ. ಆಗುತ್ತಿರಲಿಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತೋ ಏನೋ, ಅದನ್ನು ನೆನೆದರೆ ಹೆಚ್ಚು ನಾಚಿಕೆಯಾಗುತ್ತದೆ. ಆ ಹುಡುಗ ಕೂಡ ಊರು ಬಿಟ್ಟು ಬಂದವನೇ, ವಿದರ್ಭದ ಕಡೆಯವನು. ಅವನು ಈಗ ಎಲ್ಲಿದ್ದಾನೆಂದು ಕಂಪನಿಯಲ್ಲಿ ಯಾರಿಗೂ ತಿಳಿಯದು.

ಚಂದ್ರು ಫಾರಂ 6 ತುಂಬಿ ಮತ್ತೆ ಅರ್ಜಿ ಕೊಟ್ಟಿದ್ದಾನೆ. ಅದೇ ಫಾರಂ ಅನ್ನು ನಾನು ಪುಣೆಯಲ್ಲಿ ತುಂಬಿದೆ. ವಿಳಾಸದ ಜಾಗದಲ್ಲಿ ಕೈ ಒಂದು ಕ್ಷಣ ನಿಂತಿತು, ಆಮೇಲೆ ಬರೆಯಿತು. ಹುಡುಗನ ಹಳೆಯ ನಂಬರ್ ನನ್ನ ಫೋನಿನಲ್ಲಿತ್ತು. ಎರಡು ಸಲ ಮಾಡಿದೆ. ‘ನೀವು ಕರೆ ಮಾಡಿದ ವ್ಯಕ್ತಿ ಸದ್ಯಕ್ಕೆ ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಮರಾಠಿಯಲ್ಲಿ ಬಂತು. ನಂಬರ್ ಅಸ್ತಿತ್ವದಲ್ಲಿಲ್ಲ ಎಂದು ಬರಲಿಲ್ಲ. ಭಾನುವಾರ ಮತ್ತೆ ಮಾಡುತ್ತೇನೆ.