ಗೋಡೆಗೆ ಅಂಟಿ ನಿಂತ ಮಕ್ಕಳು

ಇಂದಿನ ಧಮ್ಮ ಚಿಂತನೆ

ಫೆಬ್ರವರಿ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಹೈಸ್ಕೂಲುಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೀಳ್ಕೊಡುಗೆ. ಭಾಷಣ, ಉಪ್ಪಿಟ್ಟು ಶಿರಾ, ಕಣ್ಣೀರು, ಕೊನೆಗೆ ಗ್ರೂಪ್ ಫೋಟೋ. ಕನ್ನಡ ಶಿಕ್ಷಕಿಯಾದ ನನ್ನ ಪಾಲಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಬರುತ್ತದೆ. ಕೆಲವು ಮಕ್ಕಳು ಕರೆಯುವ ಮೊದಲೇ ನಡುವಿನ ಜಾಗ ಹಿಡಿಯುತ್ತಾರೆ. ಕೆಲವರು ಮಾತ್ರ "ಟೀಚರ್, ನಾ ಹಿಂದ ನಿಂದರತೇನ್ರಿ" ಅನ್ನುತ್ತಾರೆ. ಗಿಡ್ಡ ಇದ್ದವರೂ ಅದನ್ನೇ ಅನ್ನುತ್ತಾರೆ. ಒಬ್ಬಳು ಹಲ್ಲು ಕಾಣದಂತೆ ಬಾಯಿ ಬಿಗಿ ಹಿಡಿಯುತ್ತಾಳೆ. ಒಬ್ಬ ಕ್ಲಿಕ್ ಅನ್ನುವ ಹೊತ್ತಿಗೆ ಸರಿಯಾಗಿ ತಲೆ ತಗ್ಗಿಸುತ್ತಾನೆ. ಹೀಗೆ ಹಿಂದೆ ಸರಿಯುವವರಲ್ಲಿ ನಮ್ಮ ಕೇರಿಗಳಿಂದ ಬಂದ ಮಕ್ಕಳೇ ಹೆಚ್ಚು ಎಂಬುದನ್ನು ಶಿಕ್ಷಕರಾಗಿ ಕೆಲಸ ಮಾಡಿದವರೆಲ್ಲ ಬಲ್ಲರು.

"ಅವನ ಸ್ವಭಾವಾನ ಹಂಗ" ಎಂದು ನಾವು ಸುಮ್ಮನಾಗುತ್ತೇವೆ. ಧಮ್ಮ ಹಾಗೆ ಸುಮ್ಮನಾಗಲು ಬಿಡುವುದಿಲ್ಲ. ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ, ಕಾರಣ ಹೋದರೆ ಅದರಿಂದ ಹುಟ್ಟಿದ್ದೂ ಹೋಗುತ್ತದೆ ಎಂಬುದು ಭಗವಾನ್ ಬುದ್ಧರ ಬೋಧೆಯ ತಿರುಳು. ಹದಿನೈದು ವರ್ಷದ ಮಗುವಿನ ನಾಚಿಕೆಗೂ ಕಾರಣವಿದೆ. "ಕರಿಯಾ" ಎಂದು ಕರೆದ ಬಾಯಿಗಳಿವೆ. ಬಟ್ಟೆಯನ್ನು ಮೇಲಿಂದ ಕೆಳಗೆ ಅಳೆದ ಕಣ್ಣುಗಳಿವೆ. ಕ್ಯಾಮರಾ ಎದುರು ನಿಂತಾಗ ಆ ಎಲ್ಲ ಕಣ್ಣುಗಳೂ ಒಟ್ಟಿಗೆ ತನ್ನನ್ನು ನೋಡುತ್ತಿವೆ ಎಂದು ಮಗುವಿಗೆ ಅನಿಸುತ್ತದೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಸುನೀತನ ಕಥೆ ಹೇಳಿದ್ದಾರೆ. ಸುನೀತ ರಾಜಗೃಹದ ಬೀದಿ ಗುಡಿಸುವವನು. ಒಂದು ಮುಂಜಾನೆ ಕಸವನ್ನು ಬುಟ್ಟಿಗೆ ತುಂಬುತ್ತಿದ್ದಾಗ ಭಿಕ್ಖುಗಳ ಜೊತೆ ಭಗವಾನರು ಅದೇ ದಾರಿಯಲ್ಲಿ ಬಂದರು. ಅವನಿಗೆ ಸಂತೋಷವೂ ಆಯಿತು, ಅಳುಕೂ ಆಯಿತು. ಅಡಗಲು ಜಾಗ ಸಿಗಲಿಲ್ಲ. ಹೆಗಲ ಮೇಲಿನ ಅಡ್ಡೆಯನ್ನು ಗೋಡೆಯ ಮೂಲೆಗಿಟ್ಟು, ಗೋಡೆಗೆ ಅಂಟಿದವನಂತೆ ಕೈಮುಗಿದು ನಿಂತ.

ಭಗವಾನರು ಮಾಡಿದ್ದನ್ನು ಸಾವಕಾಶವಾಗಿ ನೋಡೋಣ. ದೂರದಿಂದ ಕೂಗಿ ಕರೆಯಲಿಲ್ಲ, ತಾವೇ ಹತ್ತಿರ ಹೋದರು. ಮೃದುವಾದ ದನಿಯಲ್ಲಿ "ಸುನೀತ" ಎಂದು ಹೆಸರು ಹಿಡಿದು ಮಾತಾಡಿಸಿದರು. ಈ ಬದುಕು ಬಿಟ್ಟು ಸಂಘಕ್ಕೆ ಬರಲು ನಿನ್ನಿಂದಾದೀತೇ ಎಂದು ಕೇಳಿದರು. ಅಪ್ಪಣೆ ಮಾಡಲಿಲ್ಲ, ಕೇಳಿದರು. ಬೇಡ ಅನ್ನುವ ಅವಕಾಶವೂ ಅವನಿಗಿತ್ತು. ಗೋಡೆಗೆ ಅಂಟಿ ನಿಂತವನು ಅಂದೇ ಸಂಘದೊಳಗೆ ಬಂದ.

ಫೋಟೋ ದಿನ ನಾನು ಮಾಡಲು ಯತ್ನಿಸುವುದು ಇಷ್ಟೇ. "ಏ ಹಿಂದಿನವ್ನ, ಮುಂದ ಬಾ" ಎಂದು ಮೈಕಿನಲ್ಲಿ ಕೂಗಿದರೆ ಇಡೀ ಶಾಲೆ ಅವನತ್ತ ತಿರುಗುತ್ತದೆ. ಅದರ ಬದಲು ಹತ್ತಿರ ಹೋಗಿ ಹೆಸರು ಹಿಡಿದು, "ನನ್ನ ಬಾಜೂಕ ನಿಂದರತೀಯೇನು?" ಅಂತ ಕೇಳುತ್ತೇನೆ. ಗೆಳೆಯನ ಜೊತೆ ನಿಲ್ಲುತ್ತೇನೆ ಅಂದರೆ ಇಬ್ಬರನ್ನೂ ಕೂಡಿಸಿ ನಿಲ್ಲಿಸುತ್ತೇನೆ. ಕೈ ಎಲ್ಲಿಡಬೇಕೆಂದು ತಿಳಿಯದ ಮಗುವಿಗೆ ಒಂದು ಪುಸ್ತಕ ಕೊಟ್ಟರೆ ಹೆಗಲು ಸಡಿಲಾಗುತ್ತದೆ. "ನಗು, ನಗು" ಎಂದು ಒತ್ತಾಯಿಸುವುದಿಲ್ಲ. ನಗದ ಮುಖವೂ ಚಂದದ ಮುಖವೇ. ಮನೆಯಲ್ಲಿ ಸಾವಾಗಿದೆಯೋ, ಬಟ್ಟೆಯ ಚಿಂತೆಯೋ, ಬೇಡವೆಂದ ಮಗುವಿಗೆ ಅದರದೇ ಕಾರಣವಿರುತ್ತದೆ. ಅದನ್ನು ಎಲ್ಲರ ಮುಂದೆ ಕೆದಕಬಾರದು.

ಇನ್ನು ಬಣ್ಣದ ಮಾತು. ಹೋದ ವರ್ಷ ಹಾಲ್ ಟಿಕೆಟಿಗೆ ಫೋಟೋ ಕೇಳಿದಾಗ ಒಬ್ಬ ಹುಡುಗಿ ನನ್ನನ್ನು ಬದಿಗೆ ಕರೆದಳು. "ಟೀಚರ್, ಸ್ಟುಡಿಯೋದಾಗ ಬೆಳ್ಳಗ ಮಾಡಿ ಕೊಡತಾರಂತ್ರಿ. ಮಾಡಸ್ಲೇನ್ರಿ?" ಎಂದಳು. ಬೇಡ ಎಂದು ಉಪದೇಶ ಮಾಡಿದ್ದರೆ ಅವಳು ತಲೆಯಾಡಿಸಿ ಸೀದಾ ಸ್ಟುಡಿಯೋಕ್ಕೇ ಹೋಗುತ್ತಿದ್ದಳು. ನನ್ನ ಮೊಬೈಲಿನಲ್ಲಿ ಎರಡು ಫೋಟೋ ತೆಗೆದೆ. ಒಂದು, ಬಿಸಿಲು ಬಿದ್ದ ಸುಣ್ಣದ ಗೋಡೆಯ ಮುಂದೆ. ಇನ್ನೊಂದು, ಬೇವಿನ ಮರದ ನೆರಳಿನ ಅಂಚಿನಲ್ಲಿ, ಮುಖ ಬಯಲಿನ ಬೆಳಕಿಗೆ ತಿರುಗಿಸಿ. ಮೊದಲನೆಯದರಲ್ಲಿ ಅವಳ ಮುಖ ಕಪ್ಪು ನೆರಳಾಗಿತ್ತು. ಎರಡನೆಯದರಲ್ಲಿ ಕಣ್ಣು, ಕೆನ್ನೆ, ಹಣೆ ಎಲ್ಲ ಸ್ಪಷ್ಟವಾಗಿದ್ದವು. ಬಹಳ ಹೊತ್ತು ನೋಡಿ, "ಇದರಾಗ ನಾ ನಮ್ಮವ್ವನಂಗ ಕಾಣತೇನ್ರಿ" ಎಂದಳು.

ಮುಖ ಅದೇ. ಬದಲಾಗಿದ್ದು ಹಿಂದಿನ ಗೋಡೆ ಮತ್ತು ಬೆಳಕು. ಕ್ಯಾಮರಾ ತಾನು ಕಂಡ ಬೆಳಕನ್ನೆಲ್ಲ ಕೂಡಿಸಿ ಒಂದು ಸರಾಸರಿ ಹಾಕುತ್ತದೆ. ಹಿಂದೆ ದೊಡ್ಡ ಬಿಳಿ ಗೋಡೆ ಇದ್ದರೆ ಬೆಳಕು ವಿಪರೀತವಿದೆ ಎಂದುಕೊಂಡು ಇಡೀ ಚಿತ್ರವನ್ನು ತಗ್ಗಿಸುತ್ತದೆ. ಗೋಡೆ ಬೂದಿಯಾಗುತ್ತದೆ, ಕಪ್ಪು ಮೈಬಣ್ಣದ ಮುಖ ಕತ್ತಲಾಗುತ್ತದೆ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳಿಟ್ಟರೆ ಬಹಳಷ್ಟು ಫೋನುಗಳಲ್ಲಿ ಸೂರ್ಯನ ಗುರುತು ಬರುತ್ತದೆ. ಅದನ್ನು ತುಸು ಮೇಲಕ್ಕೆ ಸರಿಸಿದರೆ ಮುಖ ಬೆಳಗುತ್ತದೆ. ಬೆಳ್ಳಗೆ ಮಾಡಿಸಿದ ಚಿತ್ರ ಮಗುವಿನ ಮುಖಕ್ಕೇ ಹೋಲದೆ ಹೋಗಬಹುದು. ಹಾಲ್ ಟಿಕೆಟ್ ಇರುವುದು ಗುರುತಿಗಾಗಿ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಇದು ನಮ್ಮ ಊರಿನ ಕಥೆಯಷ್ಟೇ ಅಲ್ಲ. ಕಲರ್ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಬಣ್ಣದ ಹದ ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. 'ಶರ್ಲಿ ಕಾರ್ಡ್' ಎಂದು ಅದರ ಹೆಸರು. ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಮುಖ ಸರಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಮಕ್ಕಳ ಮುಖ ಫೋಟೋದಲ್ಲಿ ಮಸುಕಾದಾಗ ಜನ ಬೈದದ್ದು ಮಾತ್ರ ಮಕ್ಕಳ ಬಣ್ಣವನ್ನು. ನಮ್ಮಲ್ಲಿ 'ಫೇರ್ ಅಂಡ್ ಲವ್ಲಿ' ಕ್ರೀಮಿನ ಹೆಸರಿನಿಂದ 'ಫೇರ್' ಹೋಗಲು 2020 ಬರಬೇಕಾಯಿತು. ಯಾರದೋ ಅಳತೆಗೋಲು ಹಿಡಿದು ನಮ್ಮನ್ನು ಅಳೆದು, ಕಡಿಮೆ ಬಿದ್ದಿರಿ ಎನ್ನುವುದು ಜಾತಿಯ ಹಳೆಯ ಚಾಳಿ. ನಮ್ಮ ಮಕ್ಕಳು ಆ ಅಳತೆಗೋಲನ್ನು ತಾವೇ ಕೈಯಲ್ಲಿ ಹಿಡಿದು ಕನ್ನಡಿ ಮುಂದೆ ನಿಲ್ಲುವುದು ಹೆಚ್ಚು ನೋವಿನ ಸಂಗತಿ.

ಬಾಬಾಸಾಹೇಬರು ಇದನ್ನು ಬಹಳ ಮೊದಲೇ ಕಂಡಿದ್ದರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ನಮ್ಮ ತಾಯಂದಿರನ್ನು ಉದ್ದೇಶಿಸಿ ಮಾತಾಡುವಾಗ, ಅಸ್ಪೃಶ್ಯರೆಂದು ಗುರುತು ಹೇಳುವ ಉಡುಗೆ ಒಡವೆಗಳನ್ನು ಬಿಡಿ, ಎಲ್ಲರಂತೆ ಸೀರೆ ಉಡಿ, ಬಟ್ಟೆ ತೇಪೆ ಹಾಕಿದ್ದರೂ ಶುಚಿಯಾಗಿರಲಿ ಎಂದರು. ಮರುವರ್ಷ 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿ, ಮುಂಬೈ ಪ್ರಾಂತ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಹಾಸ್ಟೆಲುಗಳನ್ನು ತೆರೆಯಲು ಓಡಾಡಿದರು. ಆ ಹಾಸ್ಟೆಲುಗಳ ಪಟ್ಟಿಯಲ್ಲಿ ನಮ್ಮ ಧಾರವಾಡವೂ ಇತ್ತು. ಇಂದು ನಮ್ಮ ಮನೆಗಳಲ್ಲಿ ತೂಗುವ ಅವರ ಫೋಟೋಗಳನ್ನು ನೋಡಿ. ಸೂಟು, ಕನ್ನಡಕ, ನೆಟ್ಟ ನೋಟ. ಆ ಫೋಟೋದ ಕೆಳಗೆ ಕೂತು ಓದಿದ ಮಗು ಶಾಲೆಯ ಫೋಟೋದಲ್ಲಿ ತಲೆ ತಗ್ಗಿಸಿದರೆ, ಹಿರಿಯರಾದ ನಮ್ಮ ಕೆಲಸ ಇನ್ನೂ ಬಾಕಿ ಇದೆ ಎಂದರ್ಥ.

ಕೊನೆಯದಾಗಿ ಒಂದು ಮಾತು ಹೆಸರಿನ ಬಗ್ಗೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಗೆ ಸನ್ನತಿ ಇದೆ. ಅದರ ಪಕ್ಕದ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ, ರಾಣಿ ಮತ್ತು ಪರಿಚಾರಿಕೆಯರ ಜೊತೆ ನಿಂತ ಒಬ್ಬ ರಾಜನ ಶಿಲ್ಪ ಸಿಕ್ಕಿತು. ಶಿಲ್ಪದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಕೊರೆದಿದೆ. ಆ ಹೆಸರು ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಹೆಸರಿದ್ದುದರಿಂದ ಧಮ್ಮ ಸಾರಿದ ಚಕ್ರವರ್ತಿ ಅಶೋಕನ ಚಿತ್ರ ನಮ್ಮದೇ ನೆಲದಲ್ಲಿ ಇದೆ ಎಂದು ಜಗತ್ತಿಗೆ ತಿಳಿಯಿತು. ಶಾಲೆಯ ಗ್ರೂಪ್ ಫೋಟೋ ಕೆಳಗೆ ಗುರುಗಳ ಹೆಸರಷ್ಟೇ ಹಾಕಿಸುವ ರೂಢಿ ಹಲವು ಕಡೆ ಇದೆ. ಹಿಂದಿನ ಸಾಲಿನ ಕೊನೆಯ ಮಗುವಿನ ಹೆಸರನ್ನೂ ಕಾಗುಣಿತ ತಪ್ಪದಂತೆ ಹಾಕಿಸೋಣ. ಆ ಚಿತ್ರ ಯಾವುದೋ ಮನೆಯ ಗೋಡೆಯ ಮೇಲೆ ನಲವತ್ತು ವರ್ಷ ಇರಬಹುದು. ಮೊಮ್ಮಕ್ಕಳು ಬೆರಳಿಟ್ಟು ಹುಡುಕಬಹುದು.

ಇಂದಿನ ಅಭ್ಯಾಸ: ಸಂಜೆ ತ್ರಿಸರಣ ಪಂಚಶೀಲದ ನಂತರ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಮೆತ್ತಾ ಭಾವನೆ ತನ್ನಿಂದಲೇ ಶುರುವಾಗುತ್ತದೆ. ನನ್ನ ಕಣ್ಣಿಗೆ, ನನ್ನ ಹಲ್ಲಿಗೆ, ನನ್ನ ಬಣ್ಣಕ್ಕೆ ಒಳಿತಾಗಲಿ ಎಂದು ಮಗು ಮನಸ್ಸಿನಲ್ಲಿ ಅಂದುಕೊಳ್ಳಲಿ. ಆಮೇಲೆ ಬಾಗಿಲ ಬಳಿ ಬೆಳಕಿಗೆ ಮುಖ ಮಾಡಿಸಿ, ಒಪ್ಪಿದರೆ ಒಂದು ಫೋಟೋ ತೆಗೆಯಿರಿ. ತೆಗೆದ ಮೇಲೆ ಮೊದಲು ಮಗುವಿಗೇ ತೋರಿಸಿ.

ನಮೋ ಬುದ್ಧಾಯ. ಜೈ ಭೀಮ್.