ಊರಿಗೆ ಹೋದಾಗ ನಾಯಿ ಯಾರ ಹತ್ತಿರ?

ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೆ ಈಚೆಗೆ ಒಂದು ಹೊಸ ಮಾತು ಕಿವಿಗೆ ಬೀಳುತ್ತದೆ. "ನಾಯಿ ತಗೊಂಡ್ರಂತೆ, ಯಾವ ಬ್ರೀಡು?" ಗೋಲ್ಡನ್‌ಡೂಡಲ್ ಎಂದರೆ ಮುಂದಿನ ಪ್ರಶ್ನೆ, "ಎಷ್ಟಾಯ್ತು?" ಶೆಲ್ಟರ್‌ನಿಂದ ತಂದಿದ್ದು, ತಳಿ ಯಾವುದೋ ಗೊತ್ತಿಲ್ಲ ಎಂದರೆ ಅರೆಗಳಿಗೆ ಮಾತಿಲ್ಲ. ಆಮೇಲೆ, "ಓ, ಪುಣ್ಯದ ಕೆಲಸ ಬಿಡಿ." ಈ ಪುಣ್ಯದ ಮಾತು ಕೇಳಿದಾಗಲೆಲ್ಲ ನನಗೆ ಇರಿಸುಮುರಿಸು. ನಾಯಿಯನ್ನು ಮನೆಗೆ ಕರೆತರುವುದು ಒಂದು ಶನಿವಾರದ ಕೆಲಸ. ಅದಾದ ಮೇಲಿನ ಹತ್ತು ಹನ್ನೆರಡು ವರ್ಷದ ಬಗ್ಗೆ ಊಟದ ಸಾಲಿನಲ್ಲಿ ಯಾರೂ ಕೇಳುವುದಿಲ್ಲ. ಕೇಳುವವರು ಶೆಲ್ಟರಿನವರು.

ಅವರ ಅರ್ಜಿ ನೋಡಿದರೆ ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಅನ್ನಿಸುತ್ತದೆ. ಮನೆ ಸ್ವಂತವೋ ಬಾಡಿಗೆಯೋ? ಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ? ಹಗಲು ಎಷ್ಟು ಹೊತ್ತು ನಾಯಿ ಒಂಟಿಯಾಗಿರುತ್ತದೆ? ಹಿಂದೆ ಸಾಕಿದ್ದ ನಾಯಿ ಏನಾಯಿತು? ಕೊನೆಗೆ ಇನ್ನೊಂದು: ನೀವು ಊರು ಬಿಟ್ಟರೆ, ದೇಶವನ್ನೇ ಬಿಟ್ಟರೆ, ನಾಯಿ ಯಾರ ಹತ್ತಿರ ಇರುತ್ತದೆ? ಇಲ್ಲಿ ಅಮೇರಿಕದಲ್ಲೇ ಹುಟ್ಟಿ ಬೆಳೆದವರು ಅಕ್ಕನ ಹೆಸರನ್ನೋ ಅಮ್ಮನ ಹೆಸರನ್ನೋ ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ನಮ್ಮ ಪೆನ್ನು ಅಲ್ಲಿ ನಿಲ್ಲುತ್ತದೆ. ನಮ್ಮ ವೀಸಾ ಮೂರು ವರ್ಷದ್ದು, ಬಾಡಿಗೆ ಕರಾರು ಒಂದು ವರ್ಷದ್ದು. ಎಚ್-1ಬಿಯಲ್ಲಿರುವವರ ಕೆಲಸ ಹೋದರೆ ಕೈಯಲ್ಲಿರುವುದು 60 ದಿನ. "ವಾಪಸ್ ಹೋಗಿಬಿಡೋಣ" ಎಂಬ ಮಾತಂತೂ ಪ್ರತಿ ಚಳಿಗಾಲದಲ್ಲೂ ಮನೆಯಲ್ಲಿ ಒಮ್ಮೆ ಬಂದುಹೋಗುತ್ತದೆ. ಹೀಗೆ ಕಂತುಕಂತಾಗಿ ಬದುಕುವವರು ಇಡೀ ಆಯುಸ್ಸಿನ ಪ್ರಾಣಿಯೊಂದನ್ನು ಹೇಗೆ ಒಪ್ಪಿಕೊಳ್ಳುವುದು? ಒಪ್ಪಿಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಆ ಜಾಗದಲ್ಲಿ ಒಂದು ಹೆಸರು ಬರೆಯಲಾಗದಿದ್ದರೆ, ಬರೆಯಲು ಆಗುವವರೆಗೆ ಕಾಯಬಹುದು. ಅಲ್ಲಿಯವರೆಗೆ ಫಾಸ್ಟರಿಂಗ್ ಇದೆ: ಕೆಲವು ವಾರ ಮನೆಯಲ್ಲಿಟ್ಟು ನೋಡಿಕೊಂಡು, ಖಾಯಂ ಮನೆ ಸಿಕ್ಕಾಗ ಕಳಿಸಿಕೊಡುವುದು. ಆಹಾರ, ಔಷಧಿ ಹೆಚ್ಚಾಗಿ ಶೆಲ್ಟರಿನವರೇ ಕೊಡುತ್ತಾರೆ. ವಿದ್ಯಾರ್ಥಿಗಳಿಗೆ, ಈಗಷ್ಟೇ ಬಂದವರಿಗೆ ನಾನು ಇದನ್ನೇ ಹೇಳುವುದು.

ನಾವಿರುವ ಮ್ಯಾಸಚೂಸೆಟ್ಸ್‌ನಲ್ಲಿ ಶೆಲ್ಟರಿಗೆ ಹೋದರೆ ಎದುರಾಗುವ ನಾಯಿಗಳಲ್ಲಿ ಬಹಳಷ್ಟು ಈ ಊರಿನವಲ್ಲ. ಅವೂ ವಲಸೆ ಬಂದವೇ. ಟೆನೆಸ್ಸಿ, ಜಾರ್ಜಿಯಾ, ಅರ್ಕನ್ಸಾ ಕಡೆಯಿಂದ ವ್ಯಾನುಗಳಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತವೆ. ಉತ್ತರದ ರಾಜ್ಯಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ದಶಕಗಳಿಂದ ರೂಢಿಯಾಗಿರುವುದರಿಂದ ಇಲ್ಲಿ ಬೇಡದ ಮರಿಗಳು ಕಡಿಮೆ, ಕೇಳುವ ಮನೆಗಳು ಹೆಚ್ಚು. ದಕ್ಷಿಣದಲ್ಲಿ ಲೆಕ್ಕ ತಿರುಗಾಮುರುಗಾ. 2005ರ ಕತ್ರಿನಾ ಚಂಡಮಾರುತದಲ್ಲಿ ನಾಯಿಯನ್ನು ಬಿಟ್ಟು ಬರಲೊಪ್ಪದೆ ಎಷ್ಟೋ ಜನ ಮುಳುಗುವ ಮನೆಯಲ್ಲೇ ಉಳಿದರು. ಮರುವರ್ಷವೇ, ವಿಪತ್ತಿನ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಕಾನೂನು ಬಂತು. ದಕ್ಷಿಣದಿಂದ ಉತ್ತರಕ್ಕೆ ನಾಯಿ ಸಾಗಿಸುವ ಏರ್ಪಾಟು ಬಲವಾದದ್ದೂ ಆ ದುರಂತದ ನಂತರವೇ. ದತ್ತು ಕೊಡಲು ಹೊರರಾಜ್ಯದಿಂದ ತಂದ ನಾಯಿಯನ್ನು ಇಲ್ಲಿ ಮೊದಲು 48 ಗಂಟೆ ಪ್ರತ್ಯೇಕವಾಗಿ ಇಡಲೇಬೇಕು. ಯಾರೋ ಪಾರ್ಕಿಂಗ್ ಲಾಟಿನಲ್ಲಿ ವ್ಯಾನ್ ನಿಲ್ಲಿಸಿ ಮರಿ ಹಂಚುತ್ತಿದ್ದರೆ ಅದು ಶೆಲ್ಟರ್ ಅಲ್ಲ, ದೂರವಿರಿ. ಇಷ್ಟೆಲ್ಲ ಇದ್ದೂ ಈ ದೇಶದ ಶೆಲ್ಟರುಗಳಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ನಾಯಿ ಬೆಕ್ಕುಗಳಿಗೆ ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರೆ. ಅರ್ಧ ಶತಮಾನದ ಹಿಂದೆ ಈ ಅಂದಾಜು ಕೋಟಿಯ ಲೆಕ್ಕದಲ್ಲಿತ್ತು.

2022ರ ಬೇಸಿಗೆಯಲ್ಲಿ ವರ್ಜೀನಿಯಾದ ಕಂಬರ್‌ಲ್ಯಾಂಡ್‌ನಿಂದ ಸುಮಾರು 4,000 ಬೀಗಲ್‌ಗಳು ಹೊರಬಂದಿದ್ದು ನೆನಪಿರಬಹುದು. ಪ್ರಯೋಗಾಲಯಗಳಿಗೆ ಮಾರಲು ಎನ್ವಿಗೋ ಎಂಬ ಕಂಪನಿ ಅವನ್ನು ಸಾಕುತ್ತಿತ್ತು. ನ್ಯಾಯಾಲಯದ ಆದೇಶದಿಂದ ಬಿಡುಗಡೆಯಾದ ಅವುಗಳಲ್ಲಿ ಹಲವು ನಮ್ಮ ರಾಜ್ಯಕ್ಕೂ ಬಂದವು. ಪಂಜರದಲ್ಲೇ ಬೆಳೆದ ಇಂಥ ನಾಯಿಗೆ ಹುಲ್ಲು, ಮೆಟ್ಟಿಲು, ಡಿಶ್‌ವಾಷರ್ ಸದ್ದು ಎಲ್ಲವೂ ಹೊಸದು. ಅದಕ್ಕೇ ಶೆಲ್ಟರಿನವರು ಮೂರರ ಲೆಕ್ಕ ಹೇಳಿಕೊಡುತ್ತಾರೆ: ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೀತಿನೀತಿ, ಮೂರು ತಿಂಗಳಿಗೆ ನಂಬಿಕೆ. ಮೊದಲ ವಾರದಲ್ಲೇ ಸ್ನೇಹಿತರನ್ನೆಲ್ಲ ಕರೆದು ನಾಯಿ ತೋರಿಸುವ ನಮ್ಮವರ ಉತ್ಸಾಹ ಇದಕ್ಕೆ ಪೂರ್ತಿ ವಿರುದ್ಧ.

ನಮ್ಮ ಬೋಂಡ ಅರ್ಕನ್ಸಾದವನು. ಕಾಗದದಲ್ಲಿ ಬಿಸ್ಕಿಟ್ ಎಂದಿತ್ತು. ಮನೆಯಲ್ಲಿ ಬೋಂಡ ಆದ. ಬಂದಾಗ ಅವನಿಗೆ ಹಾರ್ಟ್‌ವರ್ಮ್ ಇತ್ತು. ಸೊಳ್ಳೆ ಕಡಿತದಿಂದ ಹರಡುವ ಈ ಹುಳು ಹೃದಯದಲ್ಲೂ ಶ್ವಾಸಕೋಶದ ರಕ್ತನಾಳಗಳಲ್ಲೂ ಶಾವಿಗೆಯ ಎಳೆಗಳ ಹಾಗೆ ಬೆಳೆಯುತ್ತದೆ. ಬರದಂತೆ ತಡೆಯಲು ತಿಂಗಳಿಗೊಂದು ಮಾತ್ರೆ ಸಾಕು. ಬಂದ ಮೇಲೆ ಸೊಂಟದ ಸ್ನಾಯುವಿಗೆ ಇಂಜೆಕ್ಷನ್. ತಿಂಗಳು ಬಿಟ್ಟು ಮತ್ತೆರಡು, ಒಂದರ ಮರುದಿನವೇ ಇನ್ನೊಂದು. ನೋವು ಜಾಸ್ತಿ. ಅದಕ್ಕಿಂತ ಕಷ್ಟ, ಓಡಬಾರದು ಎಂಬ ಕಟ್ಟಪ್ಪಣೆ. ಸಾಯುವ ಹುಳುಗಳ ಚೂರು ಶ್ವಾಸಕೋಶದ ನಾಳಗಳಿಗೆ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಾಯಿ ಅಳಿಲಿನ ಹಿಂದೆ ಓಡಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ತಿಂಗಳುಗಟ್ಟಲೆ ಹಿತ್ತಲಿಗೂ ಲೀಶ್ ಕಟ್ಟಿಕೊಂಡೇ, ಹಿಮ ಬೀಳುವ ಬೆಳಗಿನ ಆರು ಗಂಟೆಗೆ, ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕರೆಗಂಟೆ ಸದ್ದಿಗೆ ಕುಣಿಯುತ್ತಾನೆಂದು ಅದರ ವೈರನ್ನೇ ಕಿತ್ತುಹಾಕಿದೆವು. ಅಮೆಜಾನಿನ ಹುಡುಗ ಬಾಗಿಲಿಗೆ ಅಂಟಿಸಿದ ಚೀಟಿ ಓದಿ ಪೆಟ್ಟಿಗೆಯನ್ನು ಸದ್ದಿಲ್ಲದೆ ಇಟ್ಟುಹೋಗುತ್ತಿದ್ದ.

ಆ ಕಾಲಕ್ಕೆ ಸರಿಯಾಗಿ ಅಮ್ಮ ತುಮಕೂರಿನಿಂದ ಬಂದಿದ್ದಳು. ಕಿಟಕಿಯಿಂದ ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟಳು, "ಅಲ್ಲ ಕಣೇ, ನಾಯಿ ಹೇಲು ಎತ್ತೋಕ್ಕಾ ಇಷ್ಟು ದೂರ ಬಂದಿದ್ದು?" ಅವಳದು ತಪ್ಪಲ್ಲ. ಅವಳು ಕಂಡ ನಾಯಿ ಬೀದಿಯದು, ಯಾರದ್ದೂ ಅಲ್ಲದ್ದು, ಎಲ್ಲರದ್ದೂ ಆದದ್ದು. ರಾತ್ರಿ ಉಳಿದ ಮುದ್ದೆಯನ್ನು ಬಾಗಿಲಾಚೆ ಹಾಕಿದರೆ ಸಂಬಂಧ ಮುಗಿಯಿತು. ಇಲ್ಲಿ ಟೌನ್ ಹಾಲಿಗೆ ಪ್ರತಿ ವರ್ಷ ದುಡ್ಡು ಕಟ್ಟಿ ನಾಯಿಗೆ ಲೈಸೆನ್ಸ್ ಮಾಡಿಸಬೇಕು, ರೇಬೀಸ್ ಲಸಿಕೆಯ ಚೀಟಿ ತೋರಿಸಬೇಕು ಎಂದಾಗ ಅವಳಿಗೆ ನಗು. ದೇವರ ಕೋಣೆಗೆ ಮಕ್ಕಳ ಗೇಟು ಹಾಕಿಸಿದ ಮೇಲೆ ಮಡಿಯ ಜಗಳ ತೀರಿತು. ತೀರದೇ ಉಳಿದದ್ದು ಅಡಿಗೆಮನೆಯದು. ಬೋಂಡ ಎದುರು ಕೂತು ನೋಡಿದರೆ ಅಮ್ಮನ ಕೈ ತಡೆಯುವುದಿಲ್ಲ.

ಈ ವಿಷಯದಲ್ಲಿ ನಮ್ಮ ಅಡಿಗೆಮನೆ ಅಮೇರಿಕನ್ನರದ್ದಕ್ಕಿಂತ ಅಪಾಯದ್ದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಸಾಂಬಾರಿನಲ್ಲಿ ಬೆಂದರೂ ಅಷ್ಟೇ. ಚಾಕೊಲೇಟ್ ಆಗದೆಂದು ಎಲ್ಲರಿಗೂ ಗೊತ್ತು. ಶುಗರ್‌ಫ್ರೀ ಚೂಯಿಂಗ್ ಗಮ್ಮಿನ ಜೈಲಿಟಾಲ್ ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ದ್ರಾಕ್ಷಿಯದು. ಪಾಯಸದ ಒಣದ್ರಾಕ್ಷಿ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯದ ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಯಾಕೆಂದು ಬಹಳ ಕಾಲ ತಿಳಿದಿರಲಿಲ್ಲ. ಈಚಿನ ವರ್ಷಗಳಲ್ಲಿ ಪಶುವೈದ್ಯರ ಬೆರಳು ಟಾರ್ಟಾರಿಕ್ ಆಮ್ಲದ ಕಡೆ ತಿರುಗಿದೆ. ಅದೇ ಆಮ್ಲ ತುಂಬಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ತೊಂದರೆ ಕಂಡಿದ್ದಾರೆ. ಅಂದರೆ ಪುಳಿಯೋಗರೆ ಗೊಜ್ಜಿನ ಬಾಟಲಿಗೂ ಮೇಲಿನ ಶೆಲ್ಫೇ ಗತಿ. ಫ್ರಿಜ್ಜಿನ ಬಾಗಿಲಿಗೆ ಅಮ್ಮನಿಗಾಗಿ ಕನ್ನಡದಲ್ಲಿ ಪಟ್ಟಿ ಬರೆದು ಅಂಟಿಸಿದೆ. ಒಗ್ಗರಣೆ ಇಲ್ಲದ ಅನ್ನ, ಬೇಯಿಸಿದ ಕ್ಯಾರೆಟ್ಟು, ಕುಂಬಳಕಾಯಿ ಕೊಡಬಹುದೆಂದು ತಿಳಿದ ಮೇಲೆ ಅವಳು ಬೋಂಡನಿಗೆಂದೇ ಬೇರೆ ಪಾತ್ರೆ ಇಟ್ಟಳು.

ನಾಯಿಪ್ರೀತಿ ಇಲ್ಲಿಗೆ ಬಂದು ಕಲಿತ ಪಾಶ್ಚಾತ್ಯ ಶೋಕಿ ಎಂದು ಹೇಳುವವರಿಗೆ ನಾನು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ತೋರಿಸುತ್ತೇನೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ, ಸುಮಾರು ಕ್ರಿ.ಶ. 950ರದ್ದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದ. ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿ ಹಂದಿಗಳನ್ನು ಕೆತ್ತಿ, ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನನಗೆ ಇಷ್ಟವಾಗುವುದು ಶಾಸನದ ಕೊನೆಯ ಷರತ್ತು: ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ಹೊಗಳಿಕೆಯನ್ನು ಕೆತ್ತಿಸಿ ಸುಮ್ಮನಾಗಲಿಲ್ಲ. ನಾಳೆ ಯಾರು ನೋಡಿಕೊಳ್ಳಬೇಕು, ಅದಕ್ಕೆ ಖರ್ಚು ಎಲ್ಲಿಂದ, ತಪ್ಪಿದರೆ ಏನು ಎಂಬುದನ್ನೂ ಬರೆಸಿದರು. ಸತ್ತ ನಾಯಿಗೆ ಅಷ್ಟು!

ಬದುಕಿರುವ ನಾಯಿಯನ್ನು ಬಿಟ್ಟುಹೋದರೆ ನಮ್ಮ ದೇಶದಲ್ಲಿ ಎಷ್ಟು ದಂಡ ಗೊತ್ತೇ? 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಮಾಲ್‌ನಲ್ಲಿ ಒಂದು ಲೋಟ ಕಾಫಿಯೂ ಬಾರದ ದುಡ್ಡು. ಬೆಂಗಳೂರಿನ ಪ್ರಾಣಿ ಆಶ್ರಯಗಳಿಗೆ ಹೋದರೆ ಬೀದಿನಾಯಿಗಳ ನಡುವೆ ಲ್ಯಾಬ್ರಡಾರ್, ಹಸ್ಕಿ, ರಾಟ್‌ವೀಲರ್‌ಗಳೂ ಕಾಣುತ್ತವೆ. ಅವನ್ನು ಬಿಟ್ಟವರು ಕೊಡುವ ಕಾರಣಗಳಲ್ಲಿ ಒಂದು, ಆನ್‌ಸೈಟ್ ಸಿಕ್ಕಿತು ಎಂಬುದು. ದೇಶ ಬಿಟ್ಟು ಬಂದಿರುವ ನಮಗೆ ಅದು ಪರರ ಕಥೆಯೇನಲ್ಲ.

ಬೀದಿನಾಯಿಗಳ ಮಾತು ಬಂದರೆ ನಮ್ಮ ವಾಟ್ಸ್‌ಆಪ್ ಗುಂಪು ಇಬ್ಭಾಗವಾಗುತ್ತದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಎಂದಿತು. ಆಗಸ್ಟ್ 22ರಂದು ಅದನ್ನು ತಿದ್ದಿ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವವನ್ನೂ ಮೇಲೆರಗುವವನ್ನೂ ಬಿಡಬೇಡಿ ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ತೆಗೆಯಿರಿ ಎಂದಿತು. ಗುಂಪಿನಲ್ಲಿ ಪ್ರತಿ ಸಲವೂ ಒಂದು ಕಡೆ ಕಣ್ಣೀರು, ಒಂದು ಕಡೆ ಸಿಟ್ಟು. ಕಚ್ಚಿಸಿಕೊಂಡ ಮಗುವಿನ ತಾಯಿಯ ಸಿಟ್ಟನ್ನು ನಾಯಿಪ್ರಿಯರು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನ ಪಾಲಿಕೆಯ ಎಣಿಕೆಯಲ್ಲಿ 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಕಿವಿಯ ತುದಿ ಕತ್ತರಿಸಿದ ಗುರುತಿರುವ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಕೆಲಸ ನಡೆಯುತ್ತಿದೆ, ಬೇಗ ನಡೆಯುತ್ತಿಲ್ಲ. ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು, ಕಚ್ಚಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಆ ದಿನವೇ ಲಸಿಕೆಗೆ ಹೋಗಬೇಕೆಂಬುದನ್ನು ಮರೆಯಬೇಡಿ. ಇಲ್ಲಿ ಎಲ್ಲ ನಾಯಿಯನ್ನೂ ಮುಟ್ಟಿ ರೂಢಿಯಾದ ಮಕ್ಕಳಿಗೆ ಅಲ್ಲಿ ಮುಟ್ಟಬಾರದೆಂದು ಮೊದಲೇ ಹೇಳಬೇಕು.

ರಜೆಯಲ್ಲಿ ಮನಸ್ಸು ಕರಗಿ ಬಸವನಗುಡಿಯ ಮರಿಯೊಂದನ್ನು ಇಲ್ಲಿಗೇ ತರುತ್ತೇವೆ ಎಂಬುವರೂ ಇದ್ದಾರೆ. ಆಗದ ಮಾತಲ್ಲ, ಆದರೆ ಮರಿಯಾಗಿರುವಾಗ ಆಗದು. ಅಮೇರಿಕದ ಸಿಡಿಸಿ ಪಟ್ಟಿಯಲ್ಲಿ ಭಾರತ ರೇಬೀಸ್ ಅಪಾಯ ಹೆಚ್ಚಿರುವ ದೇಶ. 2024ರ ಆಗಸ್ಟ್ 1ರಿಂದ ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಭಾರತದಲ್ಲಿ ಲಸಿಕೆ ಹಾಕಿಸಿದ್ದಾದರೆ ಗೊತ್ತುಮಾಡಿದ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬೇಕು. ಮಾನ್ಯ ಪ್ರಯೋಗಾಲಯದ ರಕ್ತಪರೀಕ್ಷೆ ಇಲ್ಲದಿದ್ದರೆ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದೇ. ಕೆನಡಾ 2022ರ ಸೆಪ್ಟೆಂಬರ್‌ನಿಂದ ಇಂಥ ದೇಶಗಳಿಂದ ದತ್ತು ಕೊಡಲು ನಾಯಿ ತರುವುದನ್ನೇ ನಿಲ್ಲಿಸಿದೆ. ಅದೇ ದುಡ್ಡನ್ನು ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗೆ ಕೊಟ್ಟರೆ ಎಷ್ಟೋ ನಾಯಿಗಳ ಶಸ್ತ್ರಚಿಕಿತ್ಸೆ ಆಗುತ್ತದೆ. ಅಷ್ಟಾದರೂ ಆ ಮರಿಯ ಕಣ್ಣು ಬಿಡುತ್ತಿಲ್ಲವೆಂದರೆ ತನ್ನಿ, ನಾನು ಬೇಡವೆನ್ನುವುದಿಲ್ಲ. ಕಾಗದಪತ್ರ ಮೊದಲು, ಟಿಕೆಟ್ ಆಮೇಲೆ.

ಮೈಕ್ರೋಚಿಪ್ ಅಂದೆನಲ್ಲ, ಅದು ನಾಯಿ ಎಲ್ಲಿದೆ ಎಂದು ಹೇಳುವ ಜಿಪಿಎಸ್ ಅಲ್ಲ. ಒಳಗಿರುವುದು ಒಂದು ಸಂಖ್ಯೆ, ಅಷ್ಟೇ. ಆ ಸಂಖ್ಯೆಯ ಎದುರು ನಿಮ್ಮ ಹಳೆಯ ಅಪಾರ್ಟ್‌ಮೆಂಟಿನ ವಿಳಾಸ, ನಿಂತುಹೋದ ಫೋನ್ ನಂಬರ್ ಇದ್ದರೆ ತಪ್ಪಿಸಿಕೊಂಡ ನಾಯಿ ಅನಾಥವೇ. ನಾವು ಮನೆ ಬದಲಿಸುವ ವೇಗಕ್ಕೆ ಇದನ್ನು ಡ್ರೈವಿಂಗ್ ಲೈಸೆನ್ಸಿನ ಜೊತೆಗೇ ತಿದ್ದಿಸಿಕೊಳ್ಳುವುದು ಒಳ್ಳೆಯದು.

ಇನ್ನು ಡಿಸೆಂಬರ್. ಊರಿಗೆ ಹೋಗುವ ಮೂರು ನಾಲ್ಕು ವಾರಕ್ಕೆ ಬೋರ್ಡಿಂಗಿನ ಬಿಲ್ಲು ಒಂದು ವಿಮಾನ ಟಿಕೆಟ್ಟಿನ ಹತ್ತಿರ ಹೋಗುತ್ತದೆ. ಹಬ್ಬದ ದಿನಗಳಲ್ಲಿ ಜಾಗವೇ ಸಿಗುವುದಿಲ್ಲ. ಅದಕ್ಕೇ ನಾವು ಕೆಲವು ಕನ್ನಡದ ಮನೆಗಳವರು ಸೇರಿ ಸರದಿ ಹಾಕಿಕೊಂಡಿದ್ದೇವೆ. ಒಬ್ಬರು ಚಳಿಗಾಲದಲ್ಲಿ ಹೋದರೆ ಇನ್ನೊಬ್ಬರು ಬೇಸಿಗೆಯಲ್ಲಿ. ಹೋಗುವ ಮುಂಚೆ ನಾಯಿಗಳನ್ನು ಒಟ್ಟಿಗೆ ನಡೆಸಿ ಪರಿಚಯ ಮಾಡಿಸುವುದು, ಔಷಧಿಯ ಚೀಟಿ, ಪಶುವೈದ್ಯರ ಬಳಿ ಒಂದು ಸಹಿ ಮಾಡಿದ ಪತ್ರ: ನಾವು ಫೋನಿಗೆ ಸಿಗದಿದ್ದರೆ ಇಂಥವರು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಖರ್ಚು ನಮ್ಮ ಕಾರ್ಡಿಗೆ. ಈ ಪತ್ರವಿಲ್ಲದೆ ಯಾರ ನಾಯಿಯನ್ನೂ ಇಟ್ಟುಕೊಳ್ಳುವುದಿಲ್ಲ ಎಂಬುದೊಂದೇ ನಮ್ಮ ಕಟ್ಟುನಿಟ್ಟು. ಅರ್ಜಿಯ ಆ ಖಾಲಿ ಜಾಗಕ್ಕೆ ಈಗ ನಾವು ಒಬ್ಬರು ಇನ್ನೊಬ್ಬರ ಹೆಸರು ಬರೆಯುತ್ತೇವೆ. ಸಂಘ ತನ್ನ ಡೈರೆಕ್ಟರಿಯಲ್ಲಿ ಪುರೋಹಿತರು, ಅಡಿಗೆಯವರು, ಸಂಗೀತದ ಟೀಚರುಗಳ ಜೊತೆ ಇಂಥ ಮನೆಗಳಿಗೂ ಒಂದು ಪುಟ ಕೊಟ್ಟರೆ ಇನ್ನಷ್ಟು ಜನಕ್ಕೆ ಅನುಕೂಲ. ಈ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬರುವ ಎರಡು ನಾಯಿಗಳಲ್ಲಿ ಒಂದಕ್ಕೆ ರಾತ್ರಿ ಮೊಸರನ್ನ ಇಲ್ಲದಿದ್ದರೆ ಆಗುವುದಿಲ್ಲವೆಂದು ಅವರ ಮನೆಯವರು ಬರೆದುಕೊಟ್ಟಿದ್ದಾರೆ. ದ್ರಾಕ್ಷಿ ಹಾಕಬಾರದು ಎಂಬುದಕ್ಕೆ ಎರಡು ಗೆರೆ ಎಳೆದಿದ್ದಾರೆ.