ಗ್ರಹಣವೂ ಲಿಂಗಧಾರಿಯೂ

ಕ್ರಿ.ಶ. 2027ನೆಯ ಆಗಸ್ಟ್ 2, ಸೋಮವಾರ, ಆಷಾಢ ಅಮಾವಾಸ್ಯೆಯಂದು ಸಂಭವಿಸುವ ಸೂರ್ಯಗ್ರಹಣವು ಈಜಿಪ್ತ ಮೊದಲಾದ ದೇಶಗಳಲ್ಲಿ ಖಗ್ರಾಸವಾಗಿಯೂ, ಕರ್ಣಾಟಕದಲ್ಲಿ ಮಧ್ಯಾಹ್ನದ ತರುವಾಯ ಖಂಡಗ್ರಾಸವಾಗಿಯೂ ಕಾಣಿಸುವುದು. 2028ನೆಯ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣವುಂಟು. ಗ್ರಹಣದ ಮಾತು ಬಂದೊಡನೆ ಲಿಂಗವಂತರ ಮನೆಗಳಲ್ಲಿಯೂ ಒಂದು ಸಂದೇಹ ತಲೆದೋರುತ್ತದೆ: ಆ ಹೊತ್ತಿನಲ್ಲಿ ಇಷ್ಟಲಿಂಗಪೂಜೆ ಸಲ್ಲುವುದೆ? ಪ್ರಸಾದವನ್ನು ಸ್ವೀಕರಿಸಬಹುದೆ?

ಸ್ಮಾರ್ತ ಸಂಪ್ರದಾಯದಂತೆ ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಚಂದ್ರಗ್ರಹಣಕ್ಕೆ ಮೂರು ಯಾಮ ಮುಂಚಿತವಾಗಿ ವೇಧ. ಆಗ ಭೋಜನ ನಿಷಿದ್ಧ. ಸ್ಪರ್ಶಕಾಲದಲ್ಲಿ ಸ್ನಾನ, ನಡುವೆ ಜಪ ದಾನಗಳು, ಮೋಕ್ಷದ ಬಳಿಕ ಮತ್ತೆ ಸ್ನಾನ. ಇಟ್ಟ ಅಡಿಗೆಗೆ ದರ್ಭೆ ಹಾಕುವುದು, ಗರ್ಭಿಣಿಯನ್ನು ಹೊರಗೆ ಬಿಡದಿರುವುದು ರೂಢಿ. ಆದರೂ ಆ ಶಾಸ್ತ್ರಕಾರರು ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ ಉಪವಾಸದ ಅವಧಿಯನ್ನು ಇಳಿಸಿದರೆಂಬುದನ್ನು ಮರೆಯಲಾಗದು.

ಗ್ರಹಣದ ಕಾರಣವಾದರೂ ಹೊಸದಾಗಿ ತಿಳಿದುದಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುವನು, ಭೂಮಿಯ ನೆರಳು ಚಂದ್ರನನ್ನು ಮುಸುಕುವುದು ಎಂದು ಆರ್ಯಭಟನು ಕ್ರಿ.ಶ. 499ರಲ್ಲಿಯೇ ನಿರೂಪಿಸಿದನು. ಹೀಗಿದ್ದೂ 1980ನೆಯ ಫೆಬ್ರುವರಿ 16ರಂದು ಖಗ್ರಾಸಗ್ರಹಣದ ನೆರಳು ಅಂಕೋಲೆ, ಗದಗ, ರಾಯಚೂರು ಸೀಮೆಗಳನ್ನು ಹಾದುಹೋದಾಗ ಎಷ್ಟೋ ಜನ ಬಾಗಿಲಿಕ್ಕಿಕೊಂಡು ಕುಳಿತರು. ಕತ್ತಲೆ ಇದ್ದುದು ಎರಡು ಮೂರು ನಿಮಿಷ. ಭಯಕ್ಕೆ ಅಂತಹ ಮಿತಿಯಿಲ್ಲ.

ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿಯೆಂಬ ಪಂಚಸೂತಕಗಳನ್ನೇ ಅಲ್ಲಗಳೆದವರು. ದೇಹದಲ್ಲಿಯೇ ಹುಟ್ಟುವ ಸೂತಕ ಲಿಂಗಧಾರಿಯನ್ನು ಮುಟ್ಟದೆಂದ ಮೇಲೆ, ಸುಮಾರು 3,84,000 ಕಿಲೋಮೀಟರು ದೂರದ ಚಂದ್ರನ ನೆರಳು ಅವನನ್ನು ಮುಟ್ಟುವುದೆಂತು? ಎದೆಯ ಮೇಲಿನ ಲಿಂಗವನ್ನು ಗ್ರಹಣ ಮೈಲಿಗೆಗೊಳಿಸುವುದೆನ್ನುವವನು ಲಿಂಗಕ್ಕಿಂತ ನೆರಳನ್ನೇ ದೊಡ್ಡದಾಗಿ ಎಣಿಸಿದಂತಾಯಿತು.

“ಹಿರಿಯರು ಆಚರಿಸುತ್ತ ಬಂದರು, ಒಂದು ದಿನ ಉಪವಾಸವಿದ್ದರೆ ಹಾನಿಯೇನು?” ಎಂದು ಕೇಳುವವರುಂಟು. ಹಾನಿಯಿಲ್ಲ. ತನ್ನ ಮನಸ್ಸಿನಿಂದ ಉಪವಾಸವಿದ್ದು ಶಿವಧ್ಯಾನದಲ್ಲಿ ಕುಳಿತವನನ್ನು ಹಳಿಯುವುದು ಶರಣಧರ್ಮವಲ್ಲ. ಮುದುಕಿಯ ದರ್ಭೆಯನ್ನು ಕಂಡು ನಗುವುದು ವಿವೇಕವೂ ಅಲ್ಲ. ಆದರೆ ತನ್ನ ವ್ರತ ಬೇರೆ, ಪರರ ಮೇಲೆ ಹೊರಿಸಿದ ಭಯ ಬೇರೆ. ನಾಲ್ಕು ಯಾಮದ ಲೆಕ್ಕ ಹಿಡಿದರೆ ಆ ಸೋಮವಾರ ಬೆಳಗಿನಿಂದಲೇ ಅನ್ನ ನಿಂತಿತು. ಬಸುರಿ ಸೊಸೆ ನೀರು ಕೇಳಿದಾಗ ಅತ್ತೆ “ಗ್ರಹಣ ಬಿಡಲಿ” ಎಂದರೆ, ಹಸಿದು ಬಂದವನಿಗೆ ಗೃಹಸ್ಥನು “ನಾಳೆ ಬಾ” ಎಂದರೆ, ಅಲ್ಲಿ ದಯೆಯೂ ದಾಸೋಹವೂ ಕೆಟ್ಟವು. ಮುಂದೆ ಮಗುವಿಗೆ ಏನಾದರೊಂದು ಊನ ಕಂಡರೆ ಆ ತಾಯಿ ತನ್ನನ್ನೇ ಹಳಿದುಕೊಳ್ಳುತ್ತ ಬಾಳಬೇಕು. ತಪ್ಪಿಲ್ಲದವಳಿಗೆ ಈ ದಂಡನೆಯೇಕೆ?

ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಎಚ್ಚರಿಕೆಯೊಂದೇ ಅಂದು ಎಲ್ಲರಿಗೂ ಸಲ್ಲತಕ್ಕುದು. ಅದು ಕಣ್ಣಿನ ರಕ್ಷಣೆಗೆ. ಉಳಿದಂತೆ ಸದ್ಭಕ್ತನ ಮನೆಯಲ್ಲಿ ಎಂದಿನಂತೆ ಲಿಂಗಪೂಜೆ ನಡೆಯಲಿ, ಒಲೆ ಉರಿಯಲಿ, ಬಸುರಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಿಗಲಿ, ಬಂದವರಿಗೆ ಬಾಗಿಲು ತೆರೆದಿರಲಿ.